ನನ್ನ ಮೂಗೂ ಆ ವಿಮಾನದ ವಾಸನೆಯೂ

ವಿಮಾನದಲ್ಲಿ ಕೆಲಸ ಮಾಡುವವರ ಮೂಗಿಗೆ ಬಿಡುವು ಎಂಬುದೇ ಇಲ್ಲ; ದಿನಕ್ಕೊಂದು ವಾಸನೆ, ವಾಸನೆಗೊಂದು ಜಗಳ. ನಾನು ಹೈದರಾಬಾದಿನಿಂದ ಹಾರುವ ವಿಮಾನಗಳಲ್ಲಿ ಕೆಲಸ ಮಾಡುವವಳು. ಪತ್ರಿಕೆಯವರು ನಮ್ಮನ್ನು ಗಗನಸಖಿ ಅನ್ನುತ್ತಾರೆ. ನಮ್ಮವ್ವ "ವಿಮಾನದಾಗ ಚಾ ಕೊಡೂ ಕೆಲಸ" ಅನ್ನುತ್ತಾಳೆ. ವಿಜಾಪುರದ ಕಡೆಯಿಂದ ಅಪ್ಪ ಇಲ್ಲಿನ ಸರಕಾರಿ ಕಾರ್ಖಾನೆಯೊಂದಕ್ಕೆ ಬಂದು, ನಿವೃತ್ತರಾಗಿ, ಲಿಂಗಂಪಲ್ಲಿಯಲ್ಲಿ ಮನೆ ಮಾಡಿದ್ದಾರೆ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ.

ನಮ್ಮ ಕಂಪನಿಯಲ್ಲಿ ಒಂದು ವಿಮಾನವಿತ್ತು. ಅದು ಏರುವಾಗ ಒಮ್ಮೊಮ್ಮೆ, ಮಳೆಯಲ್ಲಿ ನೆನೆದ ಕಾಲುಚೀಲವನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಮೂರನೆಯ ದಿನ ತೆಗೆದಂಥ ವಾಸನೆ ಬರುತ್ತಿತ್ತು. ನಾವು ವಿಮಾನದೊಳಗೆ ಉಸಿರಾಡುವ ಗಾಳಿ ಸಾಮಾನ್ಯವಾಗಿ ಇಂಜಿನ್ನಿನ ಮೂಲಕವೇ ಬರುತ್ತದೆ. ಅಲ್ಲಿ ಎಲ್ಲಾದರೂ ಎಣ್ಣೆ ಸೋರಿದರೆ ಅದರ ಹಬೆಯೂ ಗಾಳಿಯ ಜೊತೆ ಒಳಗೆ ಬರುತ್ತದೆ. ತರಬೇತಿಯಲ್ಲಿ ನಮಗೆ ಇದನ್ನು ಹೇಳಿಕೊಟ್ಟಿದ್ದರು. ಆ ವಾಸನೆ ಬಂದ ದಿನ ನನಗೆ ತಲೆ ಸಿಡಿಯುತ್ತಿತ್ತು, ಬೆರಳ ತುದಿ ಜುಮ್ಮೆನ್ನುತ್ತಿತ್ತು. ನಾನು ದೂರು ಕೊಟ್ಟೆ. ಆಮೇಲೆ ನಡೆದದ್ದು ಇದು.

ಬಿರಿಯಾನಿಯೇ ಅಪರಾಧಿ

ವಾಸನೆ ಏರುವಾಗ ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೈದರಾಬಾದಿಗೆ ಮರಳಿ ಇಳಿದು ಬಾಗಿಲು ತೆಗೆದು ಇಂಜಿನಿಯರ್ ಬರುವಷ್ಟರಲ್ಲಿ ಒಳಗೆ ಶುದ್ಧ ಗಾಳಿ. ಪರೀಕ್ಷೆಗೆ ಬಂದ ಹುಡುಗ ವರಂಗಲ್ಲಿನವನು, ಒಳ್ಳೆಯವನೇ. ಆದರೆ ಅವನ ಕಣ್ಣು ಮೊದಲು ಹೋಗುವುದು ತಲೆಯ ಮೇಲಿನ ಸಾಮಾನು ಪೆಟ್ಟಿಗೆಗೆ. ಹೈದರಾಬಾದಿನಿಂದ ಹೊರಟ ಯಾವ ವಿಮಾನದಲ್ಲಿ ಬಿರಿಯಾನಿಯ ಪಾರ್ಸೆಲ್ ಇರುವುದಿಲ್ಲ ಹೇಳಿ? ಯಾರೋ ಬಿಟ್ಟುಹೋದ ಅದರ ಖಾಲಿ ಚೀಲವನ್ನು ನೋಡಿದ್ದೇ ತಡ, "ಅಕ್ಕಾ, ಬಿರಿಯಾನಿ ಅಕ್ಕಾ. ಇಂಜಿನ್‌ಲೋ ಏಮೀ ಲೇದು" ಅಂದ. ಇಂಜಿನ್ನಿನಲ್ಲಿ ಏನೂ ಇಲ್ಲವಂತೆ.

"ಬಿರಿಯಾನಿ ವಾಸನೆಗೂ ಕಾಲುಚೀಲದ ವಾಸನೆಗೂ ವ್ಯತ್ಯಾಸ ನನಗೆ ಗೊತ್ತಿಲ್ಲವೇನಪ್ಪಾ?" ಎಂದೆ.

"ಯಾವ ಹೋಟೆಲಿನದು ಅನ್ನೋದರ ಮೇಲೆ ಹೋಗುತ್ತೆ ಅಕ್ಕಾ" ಅಂದ.

ಮತ್ತೊಮ್ಮೆ ವಾಸನೆ ಬಂತು. ಅವತ್ತು ಪುಣ್ಯಕ್ಕೆ ವಿಮಾನದ ತುಂಬ ಜೈನ ಯಾತ್ರಿಕರು. ಬಿರಿಯಾನಿಯ ಮಾತೇ ಇಲ್ಲ. ಈಗ ಸಿಕ್ಕಿಬಿದ್ದ ಎಂದುಕೊಂಡೆ. ಅವನು ಇಡೀ ವಿಮಾನ ಹುಡುಕಿ, ಕೊನೆಗೆ ನಮ್ಮ ಅಡುಗೆಮೂಲೆಯಲ್ಲಿ ನನ್ನ ಬುತ್ತಿ ಡಬ್ಬಿ ಹಿಡಿದ. ಅವ್ವ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. "ಇದೇ!" ಎಂದು ಮೂಸಿ ನೋಡಿದ, ಮತ್ತೆ ಮೂಸಿ ನೋಡಿದ. ಅಷ್ಟರಲ್ಲಿ ನನ್ನನ್ನು ಯಾರೋ ಕರೆದರು. ಹೋಗಿ ಬರುವಷ್ಟರಲ್ಲಿ ಅವನು ವಿಮಾನದ ಪುಸ್ತಕದಲ್ಲಿ "ವಾಸನೆಯ ಮೂಲ ಪತ್ತೆಯಾಗಿದೆ, ತೆಗೆದುಹಾಕಲಾಗಿದೆ" ಎಂದು ಬರೆದು ಸಹಿ ಮಾಡಿ ಹೋಗಿದ್ದ. ಡಬ್ಬಿ ತೆಗೆದು ನೋಡಿದರೆ ನಿಜವಾಗಿಯೂ ಪೂರಾ ತೆಗೆದುಹಾಕಿದ್ದ.

ಅತ್ತರಿನ ಅಜ್ಜ

ಒಂದು ದಿನ ವಾಸನೆ ಜೋರಾಗಿಯೇ ಬಂತು. ನಡುಸಾಲಿನಲ್ಲಿ ಒಬ್ಬಳು ಎಳೆಯ ತಾಯಿ, ಮಡಿಲಲ್ಲಿ ಕೂಸು. ಕೂಸು ಕೆಮ್ಮುತ್ತಿತ್ತು. ತಾಯಿ ಸೆರಗಿನಿಂದ ಅದರ ಮೂಗು ಮುಚ್ಚಿ ನನ್ನ ಮುಖ ನೋಡಿದಳು. ನಾವಾದರೆ ಸಂಬಳಕ್ಕೆ ಈ ಗಾಳಿ ಕುಡಿಯುತ್ತೇವೆ, ಕೂಸಿಗೇನು ಕರ್ಮ? ಕ್ಯಾಪ್ಟನ್ನರಿಗೆ ಫೋನಿನಲ್ಲಿ ಹೇಳಿದೆ. ಅವರು ಗಾಳಿಯ ಸ್ವಿಚ್ಚು ಅದೇನೋ ಹೆಚ್ಚು ಕಡಿಮೆ ಮಾಡಿದರು.

ಅವಳ ಪಕ್ಕದಲ್ಲಿ ಹಳೇ ಶಹರದ ಒಬ್ಬ ಅಜ್ಜ, ಬೆಳ್ಳನೆಯ ಗಡ್ಡ, ಶೇರವಾನಿ. "ಬೇಟಿ, ಪರೇಶಾನ್ ಮತ್ ಹೋ" ಎಂದು ಧೈರ್ಯ ಹೇಳುತ್ತ ಜೇಬಿನಿಂದ ಪುಟ್ಟ ಅತ್ತರಿನ ಸೀಸೆ ತೆಗೆದರು. ಮೊದಲು ತಾಯಿಯ ಸೆರಗಿಗೆ, ಆಮೇಲೆ ಪಕ್ಕದವರ ಮುಂಗೈಗೆ, ಹಿಂದಿನವರ ಕಿವಿಯ ಹಿಂದೆ. ಯಾರೂ ಬೇಡವೆನ್ನಲಿಲ್ಲ. ಸೀಸೆ ಕೈಯಿಂದ ಕೈಗೆ ಸಾಗಿ ಕೊನೆಯ ಸಾಲಿನವರೆಗೆ ಹೋಯಿತು. ನನಗೂ ಹಚ್ಚಿ, "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ" ಎಂದು ಹಿಂದಿಯಲ್ಲಿ ಹರಸಿದರು. ಅವರ ಮನಸ್ಸು ಬಂಗಾರ. ನನ್ನ ಸಾಕ್ಷಿ ಮಾತ್ರ ಪೂರಾ ಹಾಳು.

ಇಳಿದ ಮೇಲೆ ಬಂದ ಇಂಜಿನಿಯರ್ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ. "ಅಕ್ಕಾ, ಇದರ ಮೇಲೆ ದೂರು ಕೊಡ್ತೀರಾ? ನಮ್ಮ ಅಣ್ಣನ ಮದುವೇಲೂ ಇಷ್ಟು ಘಮಘಮ ಇರಲಿಲ್ಲ" ಅಂದ.

ಹವಾ ಬದಲಾವಣೆ

ಇಷ್ಟಾಗುವಷ್ಟರಲ್ಲಿ ನನ್ನ ಹೆಸರು ಆಫೀಸಿನಲ್ಲಿ "ಮೂಗಿನ ಮೇಡಂ" ಎಂದಾಗಿತ್ತು. ದುರಸ್ತಿ ವಿಭಾಗದ ದೊಡ್ಡ ಸಾಹೇಬರು ಕರೆಸಿದರು. ಆಫೀಸಿನಲ್ಲಿ ಇಂಗ್ಲಿಷು, ಕೋಪ ಬಂದರೆ ಹಿಂದಿ, ಇದು ಬಿಟ್ಟು ಬೇರೆ ಭಾಷೆ ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಉತ್ತರದ ಕಡೆಯವರಿರಬೇಕು ಎಂದು ನಾನು ತಿಳಿದಿದ್ದೆ.

"ಇಂಜಿನ್ ಸರಿಯಾಗಿದೆ. ಸರಿಯಿಲ್ಲದ್ದು ನಿಮ್ಮ ಮೂಗು. ಯಾರೋ ಶೂ ಬಿಚ್ಚಿದ್ದಕ್ಕೆ ವಿಮಾನ ನಿಲ್ಲಿಸೋಕಾಗುತ್ತಾ? ಇನ್ನೊಂದು ದೂರು ಬಂದರೆ ನಿಮ್ಮನ್ನ ಮೆಡಿಕಲ್ ಬೋರ್ಡಿಗೆ ಕಳಿಸ್ತೀನಿ. ಹಾರಾಟಕ್ಕೆ ಅಯೋಗ್ಯ ಅಂತ ಬರೆದುಬಿಟ್ಟರೆ ಆಮೇಲೆ ನನ್ನನ್ನ ಕೇಳಬೇಡಿ" ಎಂದರು.

ಈ ಕೆಲಸ ನನಗೆ ಇಷ್ಟ. ಮನೆ ನಡೆಯುವುದೂ ಇದರಿಂದಲೇ. ದೂರು ಕೊಟ್ಟರೆ ಕೆಲಸ ಹೋಗುತ್ತದೆ, ಕೊಡದಿದ್ದರೆ ಆರೋಗ್ಯ ಹೋಗುತ್ತದೆ. ಬೋರ್ಡಿಗೆ ಹೋಗುವ ಮೊದಲು ನಾನೇ ತೋರಿಸಿಕೊಳ್ಳೋಣವೆಂದು ಅಮೀರ್‌ಪೇಟೆಯ ಒಬ್ಬ ಡಾಕ್ಟರರ ಹತ್ತಿರ ಹೋದೆ. ಅವರ ದವಾಖಾನೆಯ ಮೇಲೂ ಕೆಳಗೂ ಕೋಚಿಂಗ್ ಕ್ಲಾಸುಗಳು. ತಲೆನೋವೆಂದು ಬರುವವರೆಲ್ಲ ಪರೀಕ್ಷೆಗೆ ಓದುವ ಮಕ್ಕಳೇ. ನಾನು ಬಾಯಿ ತೆಗೆಯುವ ಮೊದಲೇ, "ಯಾವ ಕೋರ್ಸಮ್ಮಾ?" ಎಂದರು.

ಕೋರ್ಸಿಲ್ಲ ಎಂದೆ. ತಲೆನೋವು, ಬೆರಳು ಜುಮ್ಮೆನ್ನುವುದು, ಕೆಲಸದ ಜಾಗದ ಕೆಟ್ಟ ಗಾಳಿ, ಎಲ್ಲ ಹೇಳಿದೆ. ಕೆಲಸ ಎಲ್ಲಿ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಪಾಪ, ಬಹಳ ಕಾಳಜಿಯಿಂದ ನಾಡಿ ನೋಡಿದರು, ಕಣ್ಣು ನೋಡಿದರು.

"ಮುಚ್ಚಿದ ಜಾಗದಲ್ಲಿ ಕೆಲಸ ಮಾಡ್ತೀಯಲ್ಲ, ಗಾಳಿ ಸಾಲದು. ಮಾತ್ರೆಯಿಂದ ಏನೂ ಆಗಲ್ಲ. ನಿನಗೆ ಬೇಕಾಗಿರೋದು ಹವಾ ಬದಲಾವಣೆ" ಎಂದರು.

"ಏನು ಮಾಡಲಿ ಸಾರ್?"

"ಬಸ್ಸು ರೈಲು ಅಂತ ದಣಿಯಬೇಡ. ಆರಾಮಾಗಿ ಒಂದು ವಿಮಾನ ಹತ್ತಿ ಎಲ್ಲಾದರೂ ಹೋಗಿ ಬಾ."

ಅವ್ವನ ಮೆಣಸಿನಕಾಯಿ

ಡಾಕ್ಟರರಿಂದ ಆಗದ್ದನ್ನು ಅವ್ವ ಕೈಗೆತ್ತಿಕೊಂಡಳು. "ದೃಷ್ಟಿ ಆಗೈತಿ. ಚಂದನ್ನ ಸೀರಿ ಉಟಗೊಂಡು ವಿಮಾನದಾಗ ಅಡ್ಡಾಡತಿ, ಎಷ್ಟು ಮಂದಿ ಕಣ್ಣು ಬಿದ್ದಾವೋ" ಎಂದು ನನ್ನನ್ನು ಅಂಗಳದ ಬಾಗಿಲಲ್ಲಿ ಕೂರಿಸಿದಳು. ಅಂಗಳವೆಂದರೆ ಫ್ಲ್ಯಾಟಿನ ಬಾಲ್ಕನಿ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ ಎಂಬುದು ಅವಳ ಲೆಕ್ಕ.

ಅಪ್ಪ ಕೆಮ್ಮಿದರು. ಅವ್ವ ಕೆಮ್ಮಿದಳು. ಮೇಲಿನ ಮನೆಯವರು ಕೆಮ್ಮಿದರು. ಕೆಳಗಿನ ಮನೆಯ ತೆಲುಗು ಆಂಟಿ "ಏಮೈಂದಿ?" ಏನಾಯಿತು ಎಂದು ಓಡಿಬಂದು ಮೆಟ್ಟಿಲ ಮೇಲೇ ಕೂತು ಕೆಮ್ಮಿದರು. ನನ್ನ ಕಣ್ಣಲ್ಲಿ ನೀರು ಬಂತೇ ಹೊರತು ಮೂಗಿಗೆ ಮಾತ್ರ ಏನೂ ತಟ್ಟಲಿಲ್ಲ.

ಆ ಗಾಳಿ ಕುಡಿದು ಕುಡಿದು ಮೂಗೇ ಸತ್ತುಹೋಯಿತೇ ಎಂದು ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆ ಕೆಟ್ಟ ವಾಸನೆಯನ್ನು ಹಿಡಿಯಲು ವಿಮಾನದಲ್ಲಿ ಯಂತ್ರವಿಲ್ಲ, ನಮ್ಮ ಮೂಗೇ ಯಂತ್ರ. ಅದೇ ಕೆಟ್ಟುಹೋದರೆ ಸಾಹೇಬರು ಹೇಳಿದ್ದೇ ನಿಜವಾಗುತ್ತದೆ. ನಾನು ಅಳುವುದನ್ನು ನೋಡಿ ಅಪ್ಪ ಹತ್ತಿರ ಬಂದು ಕೂತರು. "ಹೆದರಬ್ಯಾಡವಾ. ನಾಕ ದಿನ ರಜಾ ಹಾಕು, ಸರಿ ಹೋಗತೈತಿ. ಆಮ್ಯಾಲ ವಾಸನಿ ಬಂತಂದ್ರ ಮತ್ತ ಬರದು ಕೊಡು. ಸುಳ್ಳು ಹೇಳಾಕತ್ತಿಲ್ಲಲ್ಲ ನೀ" ಎಂದರು. ಅಷ್ಟೇ ಮಾತು. ನನಗೆ ಎಷ್ಟೋ ಸಮಾಧಾನವಾಯಿತು. ಅವರಂದಂತೆ ಕೆಲವು ದಿನಗಳಲ್ಲಿ ಮೂಗು ದಾರಿಗೆ ಬಂತು.

ಅವ್ವ ಮಾತ್ರ ಅವತ್ತು ಕೆಂಡದ ಮುಂದೆ ಗೊಂದಲದಲ್ಲಿ ನಿಂತಿದ್ದಳು. ಅವಳ ಲೆಕ್ಕ ಕೂಡುತ್ತಿರಲಿಲ್ಲ. "ಏನ್ರೀ ಇದು? ಘಾಟೂ ಬಂದೈತಿ, ಬಂದೂ ಇಲ್ಲ. ಇಕಿ ದೃಷ್ಟಿ ಇಲ್ಲೇ ಉಳಿದು, ಬಿಲ್ಡಿಂಗಿಂದು ಬಿಟ್ಟು ಹೋತೇನು?"

ಕಾಶಿಗೆ ಹೊರಟ ದಂಪತಿ

ರಜೆ ಮುಗಿಸಿ ಹೋದ ದಿನ ಅದೇ ವಿಮಾನ, ಕಾಶಿಗೆ. ಮೊದಲ ಸಾಲಿನಲ್ಲಿ ದುರಸ್ತಿ ವಿಭಾಗದ ಅದೇ ಸಾಹೇಬರು, ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಹೆಂಡತಿ. ಸಾಹೇಬರು ನನ್ನನ್ನು ನೋಡಿ ಮೂಗು ಮುಟ್ಟಿಕೊಂಡು ನಕ್ಕರು. ಶೂ ಬಿಚ್ಚಿ ಕಾಲು ಚಾಚಿ ಕೂತರು.

ವಿಮಾನ ಏರುವಾಗ ನಾವು ಮುಂದಿನ ಗೋಡೆಗೆ ಬೆನ್ನು ಕೊಟ್ಟು, ಪ್ರಯಾಣಿಕರಿಗೆ ಎದುರಾಗಿ ಬೆಲ್ಟು ಕಟ್ಟಿಕೊಂಡು ಕೂರಬೇಕು. ನನ್ನೆದುರಿಗೆ ಸರಿಯಾಗಿ ಈ ದಂಪತಿ. ಚಕ್ರ ನೆಲ ಬಿಟ್ಟಿತು. ವಾಸನೆ ಬಂತು. ಫೋನೆತ್ತಿದೆ, ಕೈ ತಡೆಯಿತು. ಇನ್ನೊಂದು ದೂರೆಂದರೆ ಮೆಡಿಕಲ್ ಬೋರ್ಡು, ಬೋರ್ಡಿಗೆ ಕಳಿಸುವವರು ಎದುರಿಗೇ ಕೂತಿದ್ದಾರೆ. ಆದರೆ ಹಿಂದೆ ಯಾವುದೋ ಕೂಸು ಕೆಮ್ಮಿತು. ಬಂದದ್ದು ಬರಲಿ ಎಂದು ಕ್ಯಾಪ್ಟನ್ನರಿಗೆ ಹೇಳಿಬಿಟ್ಟೆ.

ಫೋನಿಡುವಷ್ಟರಲ್ಲಿ ಎದುರಿನಿಂದ ಅಚ್ಚ ಕನ್ನಡ ಕೇಳಿಸಿತು.

"ಏನ್ರೀ, ಸಾಕ್ಸ್ ತೊಳದು ಎಷ್ಟು ದಿನ ಆತು?"

ಸಾಹೇಬರು ಬೆಚ್ಚಿಬಿದ್ದರು. "ನಂದಲ್ಲ. ನಿನ್ನೆ ಒಗದದ್ದು" ಎಂದು ಪಿಸುಗುಟ್ಟಿದರು. ಅದೂ ಕನ್ನಡದಲ್ಲಿ! ನಾನು ಬೆಲ್ಟಿನೊಳಗೆ ಕಲ್ಲಾಗಿ ಕೂತೆ.

"ಮತ್ತ ಯಾರದು? ನೀವು ಶೂ ಬಿಚ್ಚಿದ್ರಿ, ವಾಸನಿ ಬಂತು. ಕಾಶಿಗೆ ಹೊಂಟೀವಿ, ಗಂಗವ್ವನ ಮುಂದ ಈ ಕಾಲು ತಗೊಂಡು ನಿಲ್ಲತೀರಿ?"

"ಸಾವಕಾಶ ಮಾತಾಡು, ಯಾರರ ಕೇಳ್ಯಾರು."

"ಕೇಳಲಿ ಬಿಡ್ರಿ. ಈ ವಿಮಾನದಾಗ ಕನ್ನಡ ಯಾರಿಗೆ ತಿಳಿಯತೈತಿ? ಮದುವಿಯಾದಾಗಿನಿಂದ ಹೇಳಾಕತ್ತೀನಿ..." ಎಂದು ಶುರು ಮಾಡಿದವರು ಸಾಹೇಬರ ಸಾಕ್ಸು, ಟವೆಲ್ಲು, ಸ್ನಾನ, ಯಾವುದನ್ನೂ ಬಿಡಲಿಲ್ಲ. ಆಫೀಸನ್ನು ನಡುಗಿಸುವ ಸಾಹೇಬರು ಕಾಲನ್ನು ಸೀಟಿನಡಿಗೆ ಎಳೆದುಕೊಳ್ಳುತ್ತಲೇ ಇದ್ದರು. ನನಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಸಾಹೇಬರು ಅದನ್ನು ವಾಸನೆಗೆ ಬಂದ ನೀರೆಂದು ತಿಳಿದು ಇನ್ನಷ್ಟು ಕುಗ್ಗಿದರು. ಪಾಪ ಅನ್ನಿಸಿತು. ಮಾಡದ ತಪ್ಪಿಗೆ ಎಲ್ಲರೆದುರು ಬೈಸಿಕೊಳ್ಳುವುದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಕ್ಕಾರ, ಸಾಹೇಬರದು ತಪ್ಪಿಲ್ರಿ" ಎಂದೆ. "ಇದು ಸಾಕ್ಸ್ ವಾಸನಿ ಅಲ್ರಿ, ಇಂಜಿನ್ ಎಣ್ಣಿ ವಾಸನಿ."

ಇಬ್ಬರೂ ಬಾಯಿ ತೆರೆದು ನನ್ನನ್ನೇ ನೋಡಿದರು. ಅಕ್ಕಾರು ಸೆರಗು ಬಾಯಿಗೆ ಹಿಡಿದರು. ಸಾಹೇಬರು, "ನೀ ಕನ್ನಡದಾಕಿ?" ಎಂದರು.

"ವಿಜಾಪುರದ ಕಡೆಯವ್ರು ರೀ."

"ಎಲ್ಲಾ ಕೇಳಿಸ್ಕೊಂಡಿ?"

"ಎಣ್ಣಿ ವಾಸನಿ ವಿಷಯ ಅಷ್ಟ ಕೇಳಿಸ್ತು ರೀ."

ಕ್ಯಾಪ್ಟನ್ನರಿಗೂ ವಾಸನೆ ತಟ್ಟಿತ್ತು. ವಿಮಾನ ಹೈದರಾಬಾದಿಗೇ ಮರಳಿತು. ಇಂಜಿನಿಯರ್ ಹುಡುಗ ಒಳಗೆ ಬಂದು ಅಭ್ಯಾಸದಂತೆ ಸಾಮಾನು ಪೆಟ್ಟಿಗೆಯ ಕಡೆ ಕೈ ಚಾಚಿದ್ದೇ ತಡ, ಸಾಹೇಬರು ಬರಿಯ ಸಾಕ್ಸಿನಲ್ಲಿ ಎದ್ದು ನಿಂತು ಹಿಂದಿಯಲ್ಲಿ ಗುಡುಗಿದರು. ಏನು ಹುಡುಕುತ್ತೀಯ? ಇದು ಇಂಜಿನ್ ಎಣ್ಣೆ, ನಾನೇ ಸಾಕ್ಷಿ! ದೂರನ್ನು ತಾವೇ ಬರೆದು, ತಾವೇ ಸಹಿ ಮಾಡಿ, ಇಂಜಿನ್ ಬಿಚ್ಚದೆ ವಿಮಾನ ಹಾರಕೂಡದೆಂದರು. ಬಿಚ್ಚಿ ನೋಡಿದಾಗ ಒಂದು ಸೀಲು ಸೋರುತ್ತಿತ್ತು. ನನ್ನ ಮೆಡಿಕಲ್ ಬೋರ್ಡಿನ ಮಾತು ಅಲ್ಲಿಗೇ ನಿಂತಿತು. ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ, ಖುಷಿಗೆ.

ಆಮೇಲೊಂದು ಭಾನುವಾರ ಅಕ್ಕಾರು ನನ್ನನ್ನು ಸನತ್‌ನಗರದ ತಮ್ಮ ಮನೆಗೆ ಹೋಳಿಗೆ ಊಟಕ್ಕೆ ಕರೆದರು. ಊಟವಾದ ಮೇಲೆ ಸಾಹೇಬರು ಒಳಗಿನಿಂದ ದುರಸ್ತಿಯ ವರದಿ ತಂದು, ಎದೆಯುಬ್ಬಿಸಿ ಹೆಂಡತಿಯ ಮುಂದೆ ಹಿಡಿದರು. "ನೋಡು, ಬರದೈತಿ. ಸೀಲು ಸೋರಾಕತ್ತಿತ್ತು. ವಾಸನಿ ಇಂಜಿನ್ನಿಂದು. ಈಗರ ನಂಬತಿಯೋ ಇಲ್ಲೋ?"

ಅಕ್ಕಾರು ಕನ್ನಡಕ ಹಾಕಿಕೊಂಡು ಪೂರಾ ಓದಿದರು. ಮಡಿಚಿ ವಾಪಸು ಕೊಟ್ಟರು.

"ನಂಬಿದ್ನಿ ರೀ. ವಿಮಾನದಾಗ ಇಂಜಿನ್ ಇತ್ತು. ಮನ್ಯಾಗ ಯಾವ ಇಂಜಿನ್ ಐತಿ?"