ಕೆಳಗಿನಿಂದ ಎಣಿಸಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಹತ್ತಿರ ಮಾತ್ರ ದಾರಿ ಕೇಳಬೇಡಿ. ಕೇಳಿದಿರೋ, ಊಟ ಮುಗಿಸಿಯೇ ಹೊರಡಬೇಕಾಗುತ್ತದೆ! ಕೊಳ್ಳೇಗಾಲದಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಲೆ ಎಲ್ಲರ ಹಾಗೆ ಭಜನೆಗೋ ಧಾರಾವಾಹಿಗೋ ಅಂಟಿಕೊಳ್ಳಬಾರದೆ? ಊಹೂಂ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯೊಂದಿದೆಯಂತೆ. ಹನೂರಿನ ಬಸ್ಸು ಹತ್ತಿ, ಹಳ್ಳಿಗಳ ಕಾಲುದಾರಿಗಳನ್ನೆಲ್ಲ ನಡೆದು ನೋಡಿ ಅದಕ್ಕೆ ಸೇರಿಸುವುದೇ ಅವರ ಕೆಲಸವಾಯಿತು.

ಯಳಂದೂರಿನ ಮದುವೆಯೊಂದರಲ್ಲಿ ಅಕ್ಷತೆ ಹಾಕುವ ಮೊದಲೇ ಲಗ್ನಪತ್ರಿಕೆ ಹಿಡಿದು ಹುಡುಗಿಯ ಅಪ್ಪನನ್ನು ತಡೆದರು.

"ಇದ್ಯಾರಪ್ಪ ನಕ್ಷೆ ಬರ್ದೋರು? ಛತ್ರ ಕೆರೆ ಒಳಗದೆ! ಈಜು ಬರ್ದೇ ಇರೋರು ಮುಯ್ಯಿ ಹಾಕಂಗಿಲ್ವಾ?"

"ಅಕ್ಕಾ, ಮೊದ್ಲು ಊಟ ಮಾಡಿ" ಎಂದು ಆತ ಕೈಮುಗಿದರು.

ಮೊಬೈಲಿನ ನಕ್ಷೆ ಸಣ್ಣ ಸಣ್ಣ ಚೌಕಗಳ ಜೋಡಣೆ ಎಂದು ನನಗೆ ತಿಳಿದದ್ದು ಚಿಕ್ಕಮ್ಮನ ಬಚ್ಚಲುಮನೆಯಲ್ಲಿ! ಟೈಲ್ಸ್ ಹಾಕಲು ಬಂದ ಗಾರೆ ಮೇಸ್ತ್ರಿಗೇ ಪಾಠ ಶುರು.

"ನೋಡಪ್ಪ, ಯಾವ್ ಅಂಗಡೀಲಿ ತಂದ್ರೂ ಅಳತೆ ಒಂದೇ ಇದ್ರೆ ಕೂಡ್ಕತದೆ. ನಕ್ಷೆ ಚೌಕಾನೂ ಅಂಗೇಯ. ಎಲ್ರೂ ಒಪ್ಪಿದ ಒಂದೇ ಅಳತೆ, ಒಂದೇ ಎಣಿಕೆ ಇದ್ರೆ ಯಾರ್ ನಕ್ಷೆ ಬೇಕಾದ್ರೂ ಯಾರ್ ಫೋನಲ್ಲಾದ್ರೂ ಕೂರ್ತದೆ."

"ಸರಿ ಕಣಮ್ಮ, ಸಿಮೆಂಟು ಗಟ್ಟಿ ಆಯ್ತಾ ಅದೆ" ಎಂದ ಮೇಸ್ತ್ರಿ.

ಇಂಥವರೇ ಎಡವಿದರು ಅಂದರೆ ನಂಬುತ್ತೀರಾ? ಮಾರ್ಟಳ್ಳಿಯ ಆಚೆ ನಾಲ್ಕು ಮನೆಗಳ ಒಂದು ದೊಡ್ಡಿ. ಅಲ್ಲಿ ಚಿಕ್ಕಮ್ಮನ ಹಳೆಯ ಶಿಷ್ಯೆ, ತುಂಬು ಬಸುರಿ. ಆಂಬುಲೆನ್ಸಿನವರ ಆ್ಯಪಿನಲ್ಲಿ ಆ ದಾರಿಯೇ ಇರಲಿಲ್ಲ. ಚಿಕ್ಕಮ್ಮ ಆ ದಾರಿ ಗುರುತಿಸಿದ ತಮ್ಮ ನಕ್ಷೆಯ ಚೌಕಗಳನ್ನು ಕಳಿಸಿಕೊಟ್ಟರು. ತೆರೆದು ನೋಡಿದರೆ ಸಾಲುಗಳೆಲ್ಲ ಮೇಲುಕೆಳಗು. ದಕ್ಷಿಣಕ್ಕಿರಬೇಕಾದ ಮಾರ್ಟಳ್ಳಿ ಕೊಳ್ಳೇಗಾಲದ ನೆತ್ತಿಯ ಮೇಲೆ ಕೂತಿತ್ತು! ಆ ಆ್ಯಪು ಸಾಲುಗಳನ್ನು ಮೇಲಿನಿಂದ ಎಣಿಸುತ್ತಿತ್ತು, ಚಿಕ್ಕಮ್ಮ ಕೆಳಗಿನಿಂದ ಎಣಿಸಿದ್ದರು.

"ಮೆಟ್ಲು ಕೆಳಗಿಂದ ತಾನೆ ಎಣಿಸೋದು? ಲೋಕವೇ ತಪ್ಪು ಕಣ್ಲಾ!" ಎಂದು ನನ್ನ ಮೇಲೆ ಹರಿಹಾಯ್ದರು.

ಆಂಬುಲೆನ್ಸಿನ ಡ್ರೈವರೇ ಫೋನು ಮಾಡಿದ. "ಟೀಚರಮ್ಮ, ನಾನು ಈ ಕಡೆಗೆ ಹೊಸಬ. ಆಯಮ್ಮಂಗೆ ನೋವು ಬಂದ್ರೆ ನಾ ಯಾವ್ ಕಡೆ ಓಗ್ಲಿ?"

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡರು. ಯಾರಿಗೂ ಒಂದು ಮಾತು ಸೋತ ಹೆಂಗಸಲ್ಲ. ಅವತ್ತು ಮಾತ್ರ ಕೂತು ಎಲ್ಲ ಸಾಲುಗಳನ್ನೂ ಮೇಲಿನಿಂದ ಎಣಿಸಿ ಮತ್ತೆ ಜೋಡಿಸಿ ಕಳಿಸಿದರು.

ನೋವು ಬಂದ ದಿನ ಡ್ರೈವರ್ ತನ್ನ ಲೊಕೇಶನ್ ಕಳಿಸಿದ. ಅವನ ಗಾಡಿಯ ಚುಕ್ಕಿ ಚಿಕ್ಕಮ್ಮನ ಫೋನಿನಲ್ಲಿ ತೆವಳುತ್ತಿತ್ತು. ಒಲೆಯ ಮೇಲೆ ಸಾರು ಸೀದರೂ ಅವರಿಗೆ ಗೊತ್ತಾಗಲಿಲ್ಲ.

"ಅಳ್ಳ ದಾಟ್ತು ಕಣ್ಲಾ... ಉಣಸೆಮರ ಬಂತು... ಎಡಕ್ಕೆ, ಎಡಕ್ಕೆ ತಿರುಗ್ಸಪ್ಪ!"

ಚುಕ್ಕಿ ದೊಡ್ಡಿಯ ಮುಂದೆ ನಿಂತಿತು. ಆಸ್ಪತ್ರೆಯಿಂದ ಶಿಷ್ಯೆಯ ಅವ್ವನ ಫೋನು ಬರುವವರೆಗೂ ಚಿಕ್ಕಮ್ಮ ಅಲ್ಲಾಡಲಿಲ್ಲ. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ. ಅಷ್ಟು ಕೇಳಿದ್ದೇ ನೆಲದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು.

"ನಂದೇ ಸರಿ ಅಂತ ಕುಂತಿದ್ರೆ ಆ ಮಗೀಗೆ ಏನ್ ಗತಿ ಆಗೋದ್ಲಾ?"

ನಾನು ಅವರ ಕೈಯನ್ನು ಬಿಡಲಿಲ್ಲ, ಅಷ್ಟೇ.