ಅರವತ್ತು ಜನರ ಸಾರು

ಹಾಸ್ಟೆಲ್‌ನಲ್ಲಿ ಓದಿದವರಿಗೆ ಒಂದು ಜಂಬ ಇರುತ್ತದೆ. ಅದನ್ನು ಮುಚ್ಚಿಡುವುದು ನನ್ನಿಂದ ಯಾವತ್ತೂ ಆಗಿಲ್ಲವಾದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಗಟೂರಿನಿಂದ ತಗಡಿನ ಟ್ರಂಕು ಹೊತ್ತುಕೊಂಡು ಬಂದು ಕೋಲಾರದ ಹಾಸ್ಟೆಲ್ ಸೇರಿದವನು ನಾನು. ಮೇಷ್ಟ್ರು ಬೆವರು ಸುರಿಸಿ ಕಲಿಸಿದ ಬೀಜಗಣಿತ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾರನೆಯ ದಿನವೇ ನನ್ನನ್ನು ಬಿಟ್ಟುಹೋಯಿತು. ತರಗತಿಯ ಹೊರಗೆ ಕಲಿತದ್ದು ಮಾತ್ರ ಒಂದೂ ಹೋಗಿಲ್ಲ. ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ, ಇನ್ನರ್ಧದಲ್ಲಿ ಬಟ್ಟೆ ಒಗೆಯಬಲ್ಲೆ. ಮಾಲೂರಿನ ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಮಾಡಬಲ್ಲೆ. ಸೋಪನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಡುವುದರಲ್ಲಂತೂ ನಾನು ನಿಸ್ಸೀಮ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸರೋಜ ಎರಡು ದಿನ ಸೋಪು ಹುಡುಕಿದ್ದಳು. ನನಗೆ ಕೆಲಸ ಸಿಕ್ಕಿದ್ದ ಶ್ರೀನಿವಾಸಪುರದ ಕಚೇರಿಯಲ್ಲಿ "ನಾವು ಹಾಸ್ಟೆಲ್‌ನಲ್ಲಿದ್ದಾಗ" ಎಂದು ನಾನು ಬಾಯಿ ತೆರೆದರೆ ಸಾಕು, ವರ್ಷಗಟ್ಟಲೆ ಮುಟ್ಟದ ಫೈಲುಗಳು ಸಹೋದ್ಯೋಗಿಗಳಿಗೆ ತಟ್ಟನೆ ನೆನಪಾಗುತ್ತಿದ್ದವು.

ಈ ವಿದ್ಯೆಗೆಲ್ಲ ನಿಜವಾದ ಪರೀಕ್ಷೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ, ಸರೋಜಳಿಗೆ ಏಳು ತಿಂಗಳು ತುಂಬುತ್ತಿದ್ದಾಗ. ಚೊಚ್ಚಲ ಹೆರಿಗೆಗೆ ಮುಳಬಾಗಿಲಿನ ತವರಿಗೆ ಕರೆದೊಯ್ಯಲು ಮಾವನವರು ಬಂದು ಕೂತಿದ್ದರು. ಎಂಟರಲ್ಲಿ ಬಸುರಿಯನ್ನು ಬಸ್ಸು ಹತ್ತಿಸುವುದು ಅವರ ಮನೆಯಲ್ಲಿ ಕೂಡದು. ಅತ್ತೆಯವರೇ ಇಲ್ಲಿಗೆ ಬರಲಿ ಎಂದರೆ ಅವರಿಗೆ ಮಂಡಿನೋವು. ಇವಳೋ ಹೊರಡಲು ಒಲ್ಲಳು. ತಾನು ಹೋದರೆ ನಾನು ಹೋಟೆಲಿನಲ್ಲಿ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತೇನೆ ಎಂಬ ಚಿಂತೆ. ಹೆರಿಗೆಯ ಹೊತ್ತಿನಲ್ಲಿ ತಾಯಿ ಪಕ್ಕದಲ್ಲಿಲ್ಲದೆ ಹೋದರೆ ಇವಳ ಗತಿಯೇನು ಎಂದು ನನಗೆ ಒಳಗೊಳಗೇ ಭಯ. ಅದನ್ನು ಹೇಳುವ ಬದಲು ಎದೆಯುಬ್ಬಿಸಿ, ಹಾಸ್ಟೆಲ್‌ನಲ್ಲಿ ಅರವತ್ತು ಜನಕ್ಕೆ ಅಡುಗೆ ಮಾಡಿದ ಕೈ ಇದು, ಒಂದು ಹೊಟ್ಟೆ ಯಾವ ಲೆಕ್ಕ ಎಂದುಬಿಟ್ಟೆ. ಸರೋಜ ಆ ಮಾತನ್ನೇ ಹಿಡಿದುಕೊಂಡಳು.

"ಹಂಗಾದ್ರೆ ಭಾನುವಾರ ಒಂದು ಹೊತ್ತು ಮಾಡಿ ತೋರಿಸ್ರೀ. ಆಮೇಲೆ ಹೋಗೋ ವಿಷಯ ಮಾತಾಡೋಣ."

ನಾನು ಹೇಳಿದ್ದು ಸುಳ್ಳಲ್ಲ. ಹಾಸ್ಟೆಲ್‌ನಲ್ಲಿ ದಿನಕ್ಕೆ ನಾಲ್ಕು ಜನರಂತೆ ನಾವು ಸರದಿಯ ಮೇಲೆ ಅಡುಗೆಯ ಚೌಡಪ್ಪನಿಗೆ ಕೈಜೋಡಿಸಬೇಕಿತ್ತು. ಚೌಡಪ್ಪ ಯಾವುದನ್ನೂ ಅಳೆದವನಲ್ಲ. "ಉಪ್ಪು ಜಾಸ್ತಿ ಆಯ್ತಾ, ನೀರು ಹುಯ್ಯಿ. ನೀರಾಯ್ತಾ, ಬೇಳೆ ಹಾಕು. ಸಪ್ಪೆ ಆಯ್ತಾ, ಖಾರ ಹಾಕ್ಲಾ" ಎಂಬುದು ಅವನ ಇಡೀ ಪಾಕಶಾಸ್ತ್ರ. ಇದನ್ನು ಎಲ್ಲಿ ನಿಲ್ಲಿಸಬೇಕೆಂದು ಅವನು ಹೇಳಿಕೊಡಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟರಲ್ಲಿ ಅರವತ್ತು ತಟ್ಟೆಗಳು ಬಂದು ಬಾಗಿಲಲ್ಲಿ ನಿಂತಿರುತ್ತಿದ್ದವು.

ಭಾನುವಾರ ಅಪ್ಪ-ಮಗಳಿಬ್ಬರನ್ನೂ ಜಗಲಿಗೆ ಕಳಿಸಿ ಸ್ಟವ್ ಹಚ್ಚಿದೆ. ಬೇಳೆ ಬೆಂದಿತು, ಸೊಪ್ಪು ಬಿತ್ತು, ಹಳೆಯ ಅಭ್ಯಾಸದಂತೆ ಒಂದು ಹಿಡಿ ಉಪ್ಪೂ ಬಿತ್ತು. ನೀರು ಹುಯ್ದೆ. ತೆಳ್ಳಗಾಯಿತು, ಬೇಳೆ ಸೇರಿಸಿದೆ. ಸಪ್ಪೆಯೆನಿಸಿತು, ಖಾರ ಹಾಕಿದೆ. ಖಾರ ನೆತ್ತಿಗೇರಿತು, ಮತ್ತೆ ನೀರು. ಚಿಕ್ಕ ಪಾತ್ರೆಯಿಂದ ದೊಡ್ಡ ಪಾತ್ರೆಗೆ, ಅಲ್ಲಿಂದ ನೀರು ತುಂಬಿಡುವ ಹಂಡೆಗೆ ಸಾರು ಬಡ್ತಿ ಪಡೆಯಿತು. ಮುದ್ದೆಯದೂ ಇದೇ ಕಥೆ. ಮೆತ್ತಗಾದರೆ ಹಿಟ್ಟು, ಗಟ್ಟಿಯಾದರೆ ಬಿಸಿನೀರು ಎನ್ನುತ್ತ ಹೋದೆ; ತಿಂಗಳಿಗೆಂದು ಬೀಸಿಸಿಟ್ಟಿದ್ದ ರಾಗಿಹಿಟ್ಟಿನ ಡಬ್ಬದ ತಳ ಕಂಡಿತು. ಮಾವನವರು ಒಳಗೆ ಬಂದಾಗ ಎರಡು ಮೊರದ ತುಂಬ ಮುದ್ದೆಗಳು ಸಾಲಾಗಿ ಕೂತಿದ್ದವು. ಅವರು ಬಹಳ ಮರ್ಯಾದಸ್ಥರು.

"ಇನ್ನೂ ಯಾರಾದ್ರೂ ಬರೋರು ಇದಾರಾ ಅಳಿಯಂದ್ರೇ?" ಎಂದು ಕೇಳಿದರು.

ಇದ್ದಾರೆ ಎಂದೆ. ಹಾಸ್ಟೆಲ್‌ನವನು ಅನ್ನ ಚೆಲ್ಲುವುದಿಲ್ಲ, ಸೋಲು ಒಪ್ಪುವುದೂ ಇಲ್ಲ. ತಟ್ಟೆ, ಸೌಟು ಎತ್ತಿಕೊಂಡು ಬೀದಿಗೆ ಹೋಗಿ, ಹಾಸ್ಟೆಲ್‌ನಲ್ಲಿ ಊಟಕ್ಕೆ ಬಡಿಯುತ್ತಿದ್ದ ಹಾಗೆಯೇ ಬಡಿದೆ. ಎದುರುಮನೆಯ ಮುನಿಯಮ್ಮ ಯಾರಿಗೆ ಏನಾಯಿತೋ ಎಂದು ಓಡಿಬಂದವರು, ವಿಷಯ ತಿಳಿದು ಪಾತ್ರೆ ತರಲು ಹಿಂದಿರುಗಿದರು. ಅರ್ಧ ಗಂಟೆಯಲ್ಲಿ ಬೀದಿಯೇ ನಮ್ಮ ಜಗಲಿಯ ಮೇಲೆ ಊಟಕ್ಕೆ ಕೂತಿತ್ತು. ಸಾರು ಚೆನ್ನಾಗಿಯೇ ಇತ್ತು, ಅದನ್ನು ಹೇಳದಿದ್ದರೆ ನನಗೆ ಅನ್ಯಾಯವಾಗುತ್ತದೆ. ಮುನಿಯಮ್ಮ ಎರಡನೆಯ ಮುದ್ದೆ ಮುರಿಯುತ್ತ, ತಮ್ಮ ತೆಲುಗು ಬೆರೆತ ಮಾತಿನಲ್ಲಿ, "ಏಂ ನಾಯನಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಕೈನ?" ಎಂದರು.

ಸಂಜೆ ನೋಡಿದರೆ ಸರೋಜ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ನನ್ನ ಕೈಯಡುಗೆಯ ಮೇಲೆ ನಂಬಿಕೆ ಬಂತಲ್ಲ ಎಂದು ಮೀಸೆ ತಿರುವಿದೆ.

"ಅಡುಗೆ ಮೇಲಲ್ಲ ರೀ, ಬೀದಿ ಮೇಲೆ. ಎಲ್ಲರೂ ನಿಮ್ಮ ಕೈಲಿ ಉಂಡಿದಾರೆ, ಇನ್ನು ಯಾರೂ ನಿಮ್ಮನ್ನ ಉಪವಾಸ ಬಿಡಲ್ಲ. ಸ್ಟವ್ ಮಾತ್ರ ಮುಟ್ಟಬೇಡಿ."

ಮಾರನೆಯ ದಿನ ಅವಳು ನೆಮ್ಮದಿಯಿಂದ ಬಸ್ಸು ಹತ್ತಿದಳು. ಎರಡು ತಿಂಗಳಿಗೆ ಅತ್ತೆಯವರ ಕೈಯಲ್ಲಿ ಸುಖವಾಗಿ ಹೆರಿಗೆಯಾಗಿ ಮಗಳು ಹುಟ್ಟಿದಳು. ನಾನಿಲ್ಲಿ ಒಂದು ದಿನ ಮುನಿಯಮ್ಮನ ಬಸ್ಸಾರು, ಇನ್ನೊಂದು ದಿನ ಮೂಲೆಮನೆಯ ಹುರುಳಿಸಾರು ಎಂದು ಉಂಡು, ಪ್ಯಾಂಟು ಸಡಿಲಿಸಿಕೊಳ್ಳಬೇಕಾಯಿತು.

ಹೆರಿಗೆಯಾಗಿ ಐದು ತಿಂಗಳಾದ ಮೇಲೆ ಸರೋಜ ಮಗುವಿನೊಂದಿಗೆ ಮನೆಗೆ ಬಂದಳು. ನಾನು ಬಾಗಿಲಲ್ಲೇ ಶುರುಮಾಡಿದೆ: ಹಾಸ್ಟೆಲ್ ವಿದ್ಯೆ ಎಂದರೆ ಸಾಮಾನ್ಯವೇ, ಇಷ್ಟು ದಿನ ಒಬ್ಬನೇ ಸಂಸಾರ ತೂಗಿಸಿದೆ ನೋಡು. ಅವಳು ಮಗುವನ್ನು ನನ್ನ ಕೈಗಿತ್ತು, ಅಡುಗೆಮನೆಗೆ ಹೋಗಿ, ಬೆಂಕಿಪೊಟ್ಟಣ ಎಲ್ಲಿದೆ ಎಂದು ಕೇಳಿದಳು. ಮಗುವನ್ನು ಎತ್ತಿಕೊಂಡೇ, ಮುನಿಯಮ್ಮನನ್ನು ಕೇಳಿಕೊಂಡು ಬರಲು ಹೋದೆ.