ಬಾಗಿಲ ಮರೆಯ ಹೋಳಿಗೆ

ಹೋಳಿಗೆಯ ಮುಂದೆ ನಾನು ಮನುಷ್ಯನೇ ಅಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದ ಮೇಲೆ ಹೇಗೂ ನೀವೇ ಹಾಗೆ ಅನ್ನುತ್ತೀರಿ. ಉಳಿದ ವಿಷಯಗಳಲ್ಲಿ ನಾನು ಅಷ್ಟೇನೂ ಕೆಟ್ಟವನಲ್ಲ. ಬೀಡಿ ಇಲ್ಲ, ಇಸ್ಪೀಟಿಲ್ಲ. ಮೂಡಲಗಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ, ಭಾನುವಾರ ಎಂಟೇ ಮನೆಗಳ ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಸಂಗ. ಪಾದ್ರಿಗಳು ಗೋಕಾಕದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಜನ ನನ್ನನ್ನೇ ಸಹಿಸಿಕೊಳ್ಳಬೇಕಿತ್ತು.

ನಮ್ಮ ಬಾಜೂ ಮನೆ ಗೌರವ್ವನದು. ವಯಸ್ಸಾದವಳು, ಓಣಿಗೆಲ್ಲ ಆಯಿ. ಹಬ್ಬ ಬಂತೆಂದರೆ ಆಕೆ ದೇವರಿಗೆ ಎಡೆ ಹಿಡಿದ ಮೇಲೆ ಮೊದಲ ತಾಟು ನಮ್ಮ ಮನೆಗೇ ಬರುತ್ತಿತ್ತು: ಹೂರಣದ ಹೋಳಿಗೆ, ಮೇಲೆ ಮಿಳ್ಳೆಯಿಂದ ಸುರಿದ ತುಪ್ಪ, ಬಾಜೂ ಕಟ್ಟಿನ ಸಾರು. ನಾನು ಸಂಕೋಚವಿಲ್ಲದೆ ತಿನ್ನುತ್ತಿದ್ದೆ. ಬೇಳೆ ಬೆಲ್ಲ ಕೊಟ್ಟವನು ಒಬ್ಬನೇ ದೇವರು, ಅದರ ಮುಂದೆ ಯಾರು ಕೈಮುಗಿದರೆ ನನಗೇನು ಎಂಬುದು ನನ್ನ ವಾದ. ದೇಶಕ್ಕೇ ಸ್ವಾತಂತ್ರ್ಯ ಬಂದ ಹೊಸತು. ಹೋಳಿಗೆ ತಿನ್ನುವಷ್ಟು ಸ್ವಾತಂತ್ರ್ಯ ನನಗೂ ಇರಬೇಡವೆ? ಪಾದ್ರಿಗಳೂ ತಪ್ಪಿಲ್ಲ ಅಂದಿದ್ದರು. ಅವರಿಗೂ ಎರಡು ಬಡಿಸಿದ ಮೇಲೆ ಕೇಳಿದ್ದೆ ಅನ್ನುವುದು ಬೇರೆ ಮಾತು.

ಆ ವರ್ಷ ನಮ್ಮ ಸಭೆಗೆ ಯೋಹಾನ ಸೇರಿದ. ಘೋಡಗೇರಿ ಕಡೆಯ ಗೌಂಡಿ, ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ. ಮೊದಲು ಊರ ದೇವರ ಪಲ್ಲಕ್ಕಿ ಹೊರುತ್ತಿದ್ದವನು, ದೀಕ್ಷಾಸ್ನಾನವಾಗಿ ಆರು ತಿಂಗಳೂ ಆಗಿರಲಿಲ್ಲ. ಹಬ್ಬದ ದಿನ ಕೆಲಸಕ್ಕೆ ಹೋದರೆ ಅಲ್ಲಿ ಊಟಕ್ಕೆ ಕೂಡುತ್ತಿರಲಿಲ್ಲ, ಬರೀ ನೀರು ಕುಡಿದು ಬರುತ್ತಿದ್ದ. "ಎಡಿ ಹಿಡದಿದ್ದು ಬಾಯಾಗ ಹೋತಂದ್ರ ಹಿಂದಿಂದೆಲ್ಲಾ ಎದ್ದು ಬರ್ತೈತ್ರಿ ಮಾಸ್ತರ. ನಾ ಎಲ್ಲಿ ನಿಂತೀನಿ ಅನ್ನೋದ ತಿಳಿಯಂಗಿಲ್ಲ," ಎಂದು ಒಮ್ಮೆ ನನ್ನೆದುರು ಅತ್ತುಬಿಟ್ಟ. ಮುಂದಿನ ಭಾನುವಾರ ಅದನ್ನೇ ಹಿಡಿದು ಒಂದು ತಾಸು ಬೋಧಿಸಿದೆ. ನಂಬಿಕೆಯಲ್ಲಿ ಇನ್ನೂ ಕಾಲು ಊರದ ತಮ್ಮ ಎಡವುತ್ತಾನೆಂದರೆ ಗಟ್ಟಿಮುಟ್ಟಾದ ಅಣ್ಣ ತನ್ನ ಹಕ್ಕನ್ನು ಬಿಟ್ಟುಕೊಡಬೇಕು ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಮಾತಿಗೆ ನಾನೂ ಒರೆಸಿಕೊಂಡೆ.

ಮೂರನೆಯ ದಿನ ಯುಗಾದಿ. ತಾಟು ಬಂತು. ಬೋಧನೆ ನೆನಪಿತ್ತು, ಇಲ್ಲವೆನ್ನುವುದಿಲ್ಲ. ಆದರೆ ತುಪ್ಪದ ವಾಸನೆಯೂ ಬರುತ್ತಿತ್ತು. ತಮ್ಮ ಕಂಡರೆ ತಾನೆ ಎಡವುವುದು, ಕಾಣದಿದ್ದರೆ ಎಡವುವುದೆಲ್ಲಿ? ಹೀಗೆ ಹೊಸ ಶಾಸ್ತ್ರ ಹುಟ್ಟಿಸಿಕೊಂಡು ಅಡುಗೆಮನೆ ಸೇರಿ ಬಾಗಿಲು ಹಾಕಿದೆ. ನಮ್ಮಾಕೆ ಸುಶೀಲಾ ಹೊರಗಿನಿಂದ, "ಏನ್ರಿ, ಬಾಗಲ ಯಾಕ ಹಾಕ್ಕೊಂಡ್ರಿ?" ಅಂದಳು. ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಆಕೆ ಗಾಬರಿಯಾಗಿ ಬಾಗಿಲು ದೂಡಿದಳು. ಆಕೆಯ ಹಿಂದೆ, ನಮ್ಮ ಒಲೆಯ ಕಟ್ಟೆ ದುರುಸ್ತಿ ಮಾಡಲು ಬಂದ ಯೋಹಾನ, ಕೈಯಲ್ಲಿ ಕರಣೆ ಹಿಡಿದು ನಿಂತಿದ್ದ. "ವಂದನಾರಿ ಮಾಸ್ತರ," ಅಂದ. ನನ್ನ ಎರಡೂ ಗಲ್ಲ ಉಬ್ಬಿದ್ದವು, ತುಪ್ಪ ಮೊಣಕೈಗೆ ಇಳಿದಿತ್ತು. ಅವನು ಹಾಗೆಯೇ ತಿರುಗಿ ಹೊರಟುಹೋದ.

ಅಲ್ಲಿಂದ ಯೋಹಾನ ಸಭೆಗೆ ಬರುವುದನ್ನೇ ಬಿಟ್ಟ. ಮೂರು ಭಾನುವಾರ ಅವನ ಜಾಗ ಖಾಲಿ. ನನಗೆ ಊಟ ಸೇರದಾಯಿತು. ಕೊನೆಗೆ ಅವನು ಗೋಡೆ ಕಟ್ಟುತ್ತಿದ್ದಲ್ಲಿಗೇ ಹೋಗಿ, ಬೇಳೆ ಬೆಲ್ಲದ ನನ್ನ ವಾದವನ್ನೆಲ್ಲ ಕೆಳಗಿನಿಂದಲೇ ಕೂಗಿ ಹೇಳಿದೆ. ಅವನು ಅಟ್ಟಣಿಗೆಯ ಮೇಲೆ ಕುಳಿತು ಶಾಂತವಾಗಿ ಕೇಳಿದ.

"ಅದು ತಪ್ಪಲ್ಲಂದ್ರ ಬಾಗಲ ಯಾಕ ಹಾಕಿದ್ರಿ?" ಅಂದ. "ನಿಮ್ಮನ್ನ ನೋಡಿ ನಾ ಎಲ್ಲಾ ಬಿಟ್ಟ ಬಂದೀನ್ರಿ. ನನ್ನವ್ವ ಇನ್ನೂ ನನ್ನ ಕೂಡ ಮಾತಾಡಂಗಿಲ್ಲ. ಇದೂ ಬರೀ ಸೋಗಂದ್ರ ನಾ ಎಲ್ಲಿಗಿ ಹೋಗಲಿ?"

ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಉತ್ತರ ಬಾರದ ಹುಡುಗನ ಮುಖ ಒಳಗಿನಿಂದ ಹೇಗಿರುತ್ತದೆಂದು ಅಂದೇ ಗೊತ್ತಾಯಿತು. "ತಪ್ಪಾತಪ್ಪಾ ಯೋಹಾನ," ಅಂದೆ. ಮುಂದಿನ ಭಾನುವಾರ ಅವನು ಬಂದ, ಹಿಂದೆ ಕಂಬಕ್ಕೊರಗಿ ಕುಳಿತ. ನಾನು ಎಲ್ಲರೆದುರು ನಡೆದದ್ದನ್ನು ಹೇಳಿಕೊಂಡು, ಇನ್ನು ಜನ್ಮ ಇರುವತನಕ ಹೋಳಿಗೆ ಮುಟ್ಟುವುದಿಲ್ಲ ಎಂದುಬಿಟ್ಟೆ. ಎಡೆ ಹಿಡಿದ ಹೋಳಿಗೆ ಎಂದಿದ್ದರೆ ಸಾಕಿತ್ತು. ಆದರೆ ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಿಗೆಗೆ ಲಗಾಮಿಲ್ಲ.

ಇನ್ನು ಗೌರವ್ವನಿಗೆ ತಾಟು ಬೇಡವೆಂದು ಹೇಳುವವರಾರು? ನನಗೆ ಧೈರ್ಯವಿಲ್ಲದೆ ಸುಶೀಲಾಳನ್ನು ಕಳಿಸಿದೆ. ಆಕೆ ಯೋಹಾನನ ಸಂಕಟ, ನನ್ನ ಮಾನ ಹೋದದ್ದು, ಶಪಥ, ಎಲ್ಲವನ್ನೂ ಹೇಳಿ ಬಂದಳು. "ಎಲ್ಲಾ ಕೇಳಿ ಆಯಿ ಎದ್ದು ಹಿತ್ತಲಕ್ಕ ಹೋಗಿಬಿಟ್ರು," ಅಂದಳು. ಇಷ್ಟು ವರ್ಷದ ನೆರೆಹೊರೆ ನನ್ನ ಬಾಯಿಚಪಲದಿಂದ ಕೆಟ್ಟಿತಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು.

ಕಾರಹುಣ್ಣಿಮೆ ಬಂತು. ಯೋಹಾನ ಅಂದು, ಯುಗಾದಿಯ ದಿನ ಮುಟ್ಟದೆ ಹೋಗಿದ್ದ ನಮ್ಮ ಒಲೆಯ ಕಟ್ಟೆ ದುರುಸ್ತಿ ಮಾಡುತ್ತಿದ್ದ. ಗೌರವ್ವ ಹೊಗೆಗೆ ಕೆಂಪಾದ ಕಣ್ಣು ಒರೆಸುತ್ತ, ಎರಡು ತಾಟು ಹಿಡಿದು ನೇರ ಒಳಗೆ ಬಂದಳು.

"ತಮ್ಮಾ, ಇದು ದೇವರಿಗಿ ಹಿಡದಿದ್ದಲ್ಲ," ಎಂದು ಒಂದು ತಾಟನ್ನು ಅವನ ಮುಂದಿಟ್ಟಳು. "ಹಿತ್ತಲದಾಗ ಬ್ಯಾರೆ ಒಲಿ ಹೂಡಿ, ಬ್ಯಾರೆ ಹೂರಣ ರುಬ್ಬಿ ನಿನಗಂತ ಮಾಡೀನಿ. ನಮ್ಮ ದೇವರು ನಮಗಿರಲಿ. ನಿನ್ನ ಮನಸಿಗಿ ತ್ರಾಸ ಆಗೂದು ಬ್ಯಾಡ. ಹಬ್ಬದ ದಿನಾ ಉಪಾಸ ಇರಬ್ಯಾಡಪ್ಪಾ."

ಯೋಹಾನ ಕೈ ತೊಳೆದು ಬಂದು ಕುಳಿತ. "ನನ್ನ ಸಲವಾಗಿ ಎರಡು ಒಲಿ ಹಚ್ಚಿದೇನ ಆಯಿ?" ಎಂದು ಮೊದಲ ತುತ್ತು ಮುರಿದ. ನಾನು ಒಂದು ತಾಸು ಬೋಧಿಸಿಯೂ ಮಾಡಲಾಗದ್ದನ್ನು, ಆ ಬೋಧನೆ ಕೇಳದ ಮುದುಕಿ ಸದ್ದಿಲ್ಲದೆ ಮಾಡಿ ತಂದಿದ್ದಳು. ನನಗೆ ನಾಚಿಕೆಯೂ ಆಯಿತು, ಹೊಟ್ಟೆ ತುಂಬ ಸಂತೋಷವೂ ಆಯಿತು. ಎಡೆ ಹಿಡಿಯದ ಹೋಳಿಗೆ, ಯೋಹಾನನೇ ತಿನ್ನುತ್ತಿದ್ದಾನೆ, ಇನ್ನೇನು ಅಡ್ಡಿ? ಎರಡನೆಯ ತಾಟಿಗೆ ಕೈ ಚಾಚಿ ಮೇಲಿನ ಬಟ್ಟೆ ಸರಿಸಿದೆ. ಎರಡು ಚಪಾತಿ, ಬದನೆಕಾಯಿ ಪಲ್ಯ.

"ನೀವು ಜಲ್ಮ ಇರೋತನಕ ಹೋಳಿಗಿ ಬಿಟ್ಟೀರಂತಲ್ರಿ ಮಾಸ್ತರ," ಅಂದಳು ಗೌರವ್ವ, ಬಹಳ ಭಕ್ತಿಯಿಂದ. "ನಿಮ್ಮ ನೇಮ ನನ್ನ ಕೈಲೆ ಯಾಕ ಕೆಡಬೇಕು?"

ಸುಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯೋಹಾನ ಮೂರನೆಯ ಹೋಳಿಗೆ ಮುರಿಯುತ್ತ ನನ್ನ ಮುಖವನ್ನೇ ನೋಡಿದ. ಎಷ್ಟೋ ತಿಂಗಳ ಮೇಲೆ ಅವನು ನಗುತ್ತಿದ್ದ.

"ಬಾಗಲ ಹಾಕಲೇನ್ರಿ ಮಾಸ್ತರ?" ಅಂದ.

ನಾನು ಚಪಾತಿ ಮುರಿದೆ.